ನಿಮ್ಮ ಕಡತದಲ್ಲಿ ನಾನಿನ್ನೂ ಆತನ ಹೆಂಡತಿ

ಬ್ಯಾಂಕಿನ ಸಾಲ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನಗೆ ವಿಚ್ಛೇದನ ಸಿಕ್ಕಿದೆ ಎಂಬುದನ್ನು ಈ ಲೋಕದಲ್ಲಿ ಇನ್ನೂ ಒಪ್ಪದೆ ಉಳಿದಿರುವುದು ನಿಮ್ಮ ಬ್ಯಾಂಕು ಒಂದೇ. ನ್ಯಾಯಾಲಯ ಒಪ್ಪಿತು. ನನ್ನ ಅಮ್ಮ ಅತ್ತುಕೊಂಡು ಒಪ್ಪಿದಳು, ಅತ್ತೆಯವರು ಮೂಗು ಮುರಿಯುತ್ತ ಒಪ್ಪಿದರು, ಆತನಂತೂ ಒಪ್ಪಿ ಇನ್ನೊಂದು ಮದುವೆಯನ್ನೂ ಆದ. ನಿಮ್ಮ ಕಡತ ಮಾತ್ರ ಪಟ್ಟು ಬಿಡದೆ ನಮ್ಮಿಬ್ಬರ ಸಂಸಾರ ನಡೆಸಿಕೊಂಡು ಬರುತ್ತಿದೆ. ಆತ ಕಟ್ಟದ ಕಾರಿನ ಕಂತುಗಳಿಗಾಗಿ ನನ್ನನ್ನು ಸುಸ್ತಿದಾರಳೆಂದು ಬರೆದು, ನಾನು ಕೇಳಿದ ಸಾಲವನ್ನು ತಳ್ಳಿಹಾಕಿದ್ದೀರಿ. ಈ ಪತ್ರವನ್ನು ನಿಮ್ಮ ದೂರು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟದ್ದೇಕೆಂದರೆ, ಆ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ನಿಮ್ಮ ಕಾವಲುಗಾರರಿಗೂ ಗೊತ್ತಿಲ್ಲ. ನಾನು ಕೇಳಿದ್ದೇನೆ.

ನಾನು ಹಲ್ಲು ಮಾಡುವವಳು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕೃತಕ ಹಲ್ಲು ಮಾಡಿಕೊಡುವುದು ನನ್ನ ಕಸುಬು. ವಿಚ್ಛೇದನವಾದ ಮೇಲೆ ಔಷಧಿ ಅಂಗಡಿಯೊಂದರ ಮಹಡಿಯಲ್ಲಿ ಸ್ವಂತ ಲ್ಯಾಬ್ ಇಟ್ಟುಕೊಂಡೆ. ಅಲ್ಲಿರುವುದು ಒಂದು ಉದ್ದನೆಯ ಮೇಜು, ಹಲ್ಲಿನ ಬಣ್ಣ ನೋಡಲು ಬೇಕಾದ ಕಿಟಕಿಯ ಬೆಳಕು, ಹಲ್ಲು ಸುಡುವ ಹಳೆಯ ಕುಲುಮೆ. ಆ ಕುಲುಮೆ ಕೊನೆಯುಸಿರು ಎಳೆಯುತ್ತಿದೆ. ಶಾಖ ಒಂದೇ ಸಮ ನಿಲ್ಲುವುದಿಲ್ಲ. ಹಾಲುಬಣ್ಣಕ್ಕೆ ಬರಬೇಕಾದ ಹಲ್ಲು ಬೂದಿಬಣ್ಣಕ್ಕೆ ತಿರುಗುತ್ತದೆ. ರೋಗಿ ಕನ್ನಡಿ ನೋಡಿ ಅಳುತ್ತಾರೆ, ವೈದ್ಯರು ನನ್ನ ಮೇಲೆ ರೇಗುತ್ತಾರೆ, ಒಬ್ಬೊಬ್ಬರಾಗಿ ಬೇರೆ ಲ್ಯಾಬ್ ಹುಡುಕಿಕೊಳ್ಳುತ್ತಿದ್ದಾರೆ. ಹೊಸ ಕುಲುಮೆ ಬಾರದಿದ್ದರೆ ನಾನು ಬಾಗಿಲು ಹಾಕಬೇಕು. ಅದಕ್ಕೇ ನಿಮ್ಮ ಹತ್ತಿರ ಬಂದೆ.

ಟೈ ಕಟ್ಟಿದ ನಿಮ್ಮ ಅಧಿಕಾರಿ ಕಂಪ್ಯೂಟರ್ ಪರದೆ ನೋಡಿ ತುಟಿ ಸೊಟ್ಟ ಮಾಡಿದರು. "ಮೇಡಂ, ನಿಮ್ಮ ಕ್ರೆಡಿಟ್ ಸ್ಕೋರ್ ತುಂಬಾ ಬಿದ್ದುಹೋಗಿದೆ. ಕಾರ್ ಲೋನ್ ಕಟ್ಟೇ ಇಲ್ವಲ್ಲ."

"ಆ ಕಾರು ಅವರದು, ಸಾಲಾನೂ ಅವರದೇ ಅಂತ ಕೋರ್ಟೇ ಹೇಳಿದೆಯಲ್ಲ ಸಾರ್."

"ಕೋರ್ಟ್ ಹೇಳಿರೋದು ನಿಮ್ಮಿಬ್ಬರಿಗೆ ಮೇಡಂ, ನಮಗಲ್ಲ. ನಮ್ಮ ಹತ್ರ ಇಬ್ಬರ ಸಹೀನೂ ಇದೆ."

ಆ ಮಾತು ಸರಿಯೆಂದು ನನ್ನ ವಕೀಲೆಯೂ ಆಮೇಲೆ ತಲೆ ತಗ್ಗಿಸಿಕೊಂಡು ಒಪ್ಪಿದರು. ಇರಲಿ, ಸಹಿ ನನ್ನದೇ, ಅಲ್ಲವೆನ್ನುವುದಿಲ್ಲ. ಆದರೆ ಸಹಿ ಹಾಕಿಸಿಕೊಂಡವರಿಗೆ ಯಾವ ಹೊಣೆಯೂ ಇಲ್ಲವೇ? ಮೊದಲ ಕಂತು ತಪ್ಪಿದಾಗಲೇ ನನಗೊಂದು ಮಾತು ಹೇಳಿದ್ದರೆ, ಹಲ್ಲು ಕಚ್ಚಿಕೊಂಡು ನಾನೇ ಕಟ್ಟಿ, ಆಮೇಲೆ ಆತನ ಮೇಲೆ ಕೋರ್ಟಿಗೆ ಹೋಗುತ್ತಿದ್ದೆ. ನನ್ನ ಹೆಸರಾದರೂ ಉಳಿಯುತ್ತಿತ್ತು.

ಹೇಳಿದ್ದೇವೆ ಎನ್ನುತ್ತೀರಿ. ಎಲ್ಲಿಗೆ ಹೇಳಿದಿರಿ? ಆತನ ಮನೆಗೆ. ವಿಳಾಸ ಬದಲಿಸಿ ಎಂದು ನಾನು ಅರ್ಜಿ ಕೊಡಲು ಬಂದಿರಲಿಲ್ಲವೇ? ಜಂಟಿ ಸಾಲದಲ್ಲಿ ವಿಳಾಸ ಬದಲಾಗಬೇಕಾದರೆ ಮುಖ್ಯ ಸಾಲಗಾರರ ಸಹಿ ಬೇಕೆಂದು ನಿಮ್ಮ ಕೌಂಟರಿನ ಮಹಿಳೆ ಅದನ್ನು ವಾಪಸ್ ಕೊಟ್ಟರು. ಅಂದರೆ ನಾನು ಮನೆ ಬಿಟ್ಟು ಬಂದಿದ್ದೇನೆ ಎಂಬುದಕ್ಕೆ, ಯಾರನ್ನು ಬಿಟ್ಟು ಬಂದೆನೋ ಆತನದೇ ಒಪ್ಪಿಗೆ! "ಅವರನ್ನ ಒಂದ್ಸಲ ಕರ್ಕೊಂಡು ಬನ್ನಿ, ಐದು ನಿಮಿಷದ ಕೆಲಸ" ಎಂದು ಆಕೆ ನಗುನಗುತ್ತ ಹೇಳಿದರು. ಆತನ ಪಕ್ಕದಲ್ಲಿ ಐದು ನಿಮಿಷ ಕೂರಲು ಆಗುವಂತಿದ್ದರೆ ನಾನು ವಿಚ್ಛೇದನವನ್ನೇಕೆ ಕೇಳುತ್ತಿದ್ದೆ, ಮಾನ್ಯರೇ?

ನೋಟಿಸು ನನಗೆ ಮುಟ್ಟಿದ್ದಕ್ಕೆ ಸಾಕ್ಷಿ ತೋರಿಸಿ ಎಂದೆ. ಟೈ ಕಟ್ಟಿದವರು ಗೆದ್ದವರಂತೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. 'ಪಡೆದವರು: ಹೆಂಡತಿ.' ಕೆಳಗೊಂದು ಸಹಿ. ಗುಂಡಗಿನ ಮುದ್ದಾದ ಅಕ್ಷರ, ನನ್ನದಲ್ಲ. ಸಹಿ ಹಾಕಿದಾಕೆ ಸುಳ್ಳನ್ನೂ ಹೇಳಿಲ್ಲ. ಆಕೆ ನಿಜಕ್ಕೂ ಆತನ ಹೆಂಡತಿ, ಈಗಿನವಳು. ಹೆಂಡತಿ ಎಂಬುದೊಂದು ಹುದ್ದೆ, ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ನಡೆಯುತ್ತದೆ ಎಂದು ನಿಮ್ಮ ಬ್ಯಾಂಕು ಯಾವಾಗ ತೀರ್ಮಾನಿಸಿತು? ನಾನು ಒಬ್ಬರ ಹಲ್ಲನ್ನು ಇನ್ನೊಬ್ಬರ ಬಾಯಿಗೆ ಕಳಿಸಿ, 'ಪಡೆದವರು: ರೋಗಿ' ಎಂದು ಬರೆದುಕೊಂಡು ಕೂತರೆ ವೈದ್ಯರು ನನ್ನನ್ನು ಸುಮ್ಮನೆ ಬಿಟ್ಟಾರೆಯೇ?

ಕಳೆದ ವಾರ ಆ ಗುಂಡಗಿನ ಅಕ್ಷರದವಳೇ ನನ್ನ ಲ್ಯಾಬಿನ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಕೆ. ಅಲ್ಲಿನ ದಂತವೈದ್ಯರಿಗೆ ಹಲ್ಲು ಮಾಡಿಕೊಡುವುದು ನಾನಾದ್ದರಿಂದ ನನ್ನ ವಿಳಾಸ ಸಿಕ್ಕಿತ್ತು. ಸ್ಟೂಲಿನ ಅಂಚಿನಲ್ಲಿ ಕೂತು, ಚೀಲದಿಂದ ನಿಮ್ಮ ಮುದ್ರೆಯ ಲಕೋಟೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕಾ, ಇವೆಲ್ಲ ನಿಮ್ಮ ಹೆಸರಿಗೆ ಬಂದಿದ್ದು. ನಾನು ಒಡೆದಿಲ್ಲ. 'ಕೊಡು, ನಾನೇ ತಲುಪಿಸ್ತೀನಿ' ಅಂತ ಅವರು ಇಸ್ಕೊಳ್ತಿದ್ರು. ಮೊನ್ನೆ ಬೀರು ಒರೆಸ್ತಿದ್ದೆ, ಎಲ್ಲಾ ಅದರ ಮೇಲೇ ಬಿದ್ದಿದ್ವು."

ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ಎದುರಿಗಿದ್ದವಳು ಆಕೆಯೇ, ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಚೀಲದಿಂದ ಇನ್ನೊಂದು ಕಾಗದ ಹೊರಬಂತು. ಅದರ ಮೇಲೂ ನಿಮ್ಮದೇ ಮುದ್ರೆ.

"ಇದನ್ನ ಕೇಳೋಣ ಅಂತಾನೇ ಬಂದೆ ಅಕ್ಕಾ. ಮನೆ ಲೋನು. ಅವರ ಸ್ಕೋರ್ ಸರಿಯಿಲ್ವಂತೆ. ನನ್ನ ಸಂಬಳ ತೋರಿಸಿ, ನನ್ನ ಹೆಸರು ಮುಂದೆ ಹಾಕಿದ್ರೆ ಆಗುತ್ತಂತೆ. ಬ್ಯಾಂಕಿನವರೇ ದಾರಿ ಹೇಳಿಕೊಟ್ಟಿದ್ದಾರೆ. ಸಹಿ ಹಾಕ್ಲಾ?"

ಮಾನ್ಯರೇ, ಇದನ್ನು ಓದಿ ನಿಮಗೆ ನಾಚಿಕೆಯಾಗುತ್ತದೆಯೇ? ಆತ ಕಟ್ಟಲಿಲ್ಲವೆಂದು ನನ್ನ ಮುಖಕ್ಕೆ ಬಾಗಿಲು ಹಾಕಿದವರು, ಅದೇ ಆತನಿಗೆ ಇನ್ನೊಬ್ಬ ಹೆಣ್ಣಿನ ಸಂಬಳದ ದಾರಿ ತೋರಿಸಿದ್ದೀರಿ. ಒಬ್ಬಳ ಹೆಸರು ಕೆಟ್ಟದ್ದು ಸಾಲಲಿಲ್ಲವೇ?

ನನಗೆ ಯಾರೂ ಹೇಳದಿದ್ದುದನ್ನೆಲ್ಲ ಆಕೆಗೆ ಹೇಳಿದೆ. ಮದುವೆ ಮುರಿದರೂ ಸಹಿ ಮುರಿಯುವುದಿಲ್ಲ. ಪ್ರತಿ ಸಾಲದಲ್ಲೂ ನಿನ್ನದೇ ಫೋನ್ ನಂಬರ್ ಇರಲಿ. ಕಂತು ಹೋಯಿತೋ ಇಲ್ಲವೋ ನೀನೇ ನೋಡಿಕೋ, ಕ್ರೆಡಿಟ್ ವರದಿಯನ್ನು ಆಗಾಗ ತರಿಸಿ ಓದು. ಬೇರೆಯಾಗುವ ಕಾಲ ಬಂದರೆ, ತೀರ್ಪು ಬರುವ ಮೊದಲೇ ಜಂಟಿ ಸಾಲ ತೀರಿಸಿಬಿಡು, ಇಲ್ಲವೇ ಒಬ್ಬರ ಹೆಸರಿಗೆ ಮಾಡಿಸಿ ಬ್ಯಾಂಕಿನಿಂದ ಬರೆಸಿಕೋ. ಆಕೆ ಎದ್ದು ಹೋಗುವಾಗ ಮನೆ ಸಾಲದ ಕಾಗದವನ್ನು ಲಕೋಟೆಗಳ ಪಕ್ಕದಲ್ಲೇ ಬಿಟ್ಟಳು. ಮರೆತಳೇನೋ ಎಂದು ಕರೆದೆ. "ಇಲ್ಲ ಅಕ್ಕಾ, ಇಲ್ಲೇ ಇರ್ಲಿ" ಎಂದು ಮೆಟ್ಟಿಲಿಳಿದಳು.

ಈಗ ನನ್ನ ಬೇಡಿಕೆ. ಸಾಲಕ್ಕೆ ಸಹಿ ಹಾಕಿದ ಪ್ರತಿಯೊಬ್ಬರ ವಿಳಾಸವನ್ನೂ ಅವರವರ ಮಾತಿನ ಮೇಲೆಯೇ ಬದಲಿಸಿ. ಕಂತು ತಪ್ಪಿದರೆ ಅವರವರಿಗೇ ತಿಳಿಸಿ. ನನಗೆ ಮುಟ್ಟದ ನೋಟಿಸಿನ ಮೇಲೆ ನನ್ನ ಹೆಸರಿಗೆ ಹಚ್ಚಿದ ಮಸಿಯನ್ನು ಅಳಿಸಿ, ಕುಲುಮೆಯ ಅರ್ಜಿಯನ್ನು ಮತ್ತೆ ಕೈಗೆತ್ತಿಕೊಳ್ಳಿ.

ನಿಮ್ಮ ಆ ಮನೆ ಸಾಲದ ಕಾಗದ, ಸಹಿಯಿಲ್ಲದೆ, ನನ್ನ ಮೇಜಿನ ಮೇಲಿದೆ. ನಿಮಗೆ ಸೇರಬೇಕಾದದ್ದು ಬೇರೊಬ್ಬರ ಮನೆಯಲ್ಲಿ ಬಿದ್ದಿದೆಯೆಂದು ಬೇಸರಿಸಬೇಡಿ. ಯಾರನ್ನಾದರೂ ಕಳಿಸಿ, ಕೊಟ್ಟುಬಿಡುತ್ತೇನೆ. ನಿಮ್ಮವರೇ ಆಗಬೇಕೆಂದೇನೂ ಇಲ್ಲ. ಯಾವ ಬ್ಯಾಂಕಿನವರು ಬಂದರೂ 'ಪಡೆದವರು: ಬ್ಯಾಂಕು' ಎಂದು ಬರೆದುಕೊಳ್ಳುತ್ತೇನೆ.

ಇಂತಿ,
ನ್ಯಾಯಾಲಯದ ಪ್ರಕಾರ ಮಾಜಿ, ನಿಮ್ಮ ಪ್ರಕಾರ ಹಾಲಿ,
ಹಲ್ಲು ಮಾಡುವವಳು