ಮುಚ್ಚಳ ತೆಗೆದವರು ಯಾರು

ಮಾರ್ಚ್ 14, ಶನಿವಾರ

ಐಸ್‌ಬಾಕ್ಸಿಗೆ ಕೂರಿಸಿದ ನಲ್ಲಿ ಮೂರನೇ ಸಲ ಸೋರಿತು. ವಾಷರ್ ತಿರುವಿ ಹಾಕಿದೆ. ನಿಂತಿತು. ಈ ಮೂಲಕ ಘೋಷಿಸಲಾಗಿದೆ: ನಿನ್ನೆವರೆಗೆ ಸಾಸೇಜು, ಸೋಡಾ ಹೊತ್ತ ಪಿಕ್ನಿಕ್ ಐಸ್‌ಬಾಕ್ಸು ಇಂದಿನಿಂದ ಮ್ಯಾಶ್ ಟನ್, ಅಂದರೆ ಬೀರಿಗೆ ಮಾಲ್ಟ್ ನೆನೆಹಾಕುವ ಪಾತ್ರೆ. ತಳದಲ್ಲಿ ಗೀಸರ್ ಪೈಪಿನ ಸ್ಟೀಲ್ ಜಾಳಿಗೆ—ಒಳಗಿನ ರಬ್ಬರ್ ಕರುಳು ಎಳೆದು ಬಿಸಾಕಿ, ತುದಿ ಮಡಚಿ ಬಿಗಿದದ್ದು. ಮಾಲ್ಟ್ ಕಾಳು, ಅಂದರೆ ಮೊಳಕೆ ಬಾರ್ಲಿ, ಒಳಗೆ ಉಳಿಯಬೇಕು, ರಸ ಹೊರಗೆ ಬರಬೇಕು.

ಮೂರು ವರ್ಷ ಅಂಗಡಿಯಲ್ಲಿ ಸಿಗುವ ಸಿದ್ಧ ಮಾಲ್ಟ್ ರಸದ ಡಬ್ಬಿ ಪಾಕದಲ್ಲೇ ಬೀರು ಮಾಡಿದೆ. ಮನೆಯಲ್ಲೇ ಬೀರು ಮಾಡುವವರ ಹೋಮ್‌ಬ್ರೂ ಕ್ಲಬ್ಬಿನಲ್ಲಿ ನನ್ನ ಹೆಸರು ಎಮೆಟ್ ಅಲ್ಲ, 'ಡಬ್ಬಿ'. ನಾಮಕರಣ ಮಾಡಿದವರು ಸ್ವಂತ ಸೋದರಮಾವ ರೋಲಿ. ಗ್ಯಾರೇಜು ಅವರದು. ಮೇಲಿನ ಕೋಣೆಯಲ್ಲಿ ನಾನು. ಮಿಲ್ವಾಕಿಯ ಬ್ರೂವರಿಯಲ್ಲಿ ಮೂವತ್ತು ವರ್ಷ ದುಡಿದವರು, ಕ್ಲಬ್ಬಿನ ಮುಖ್ಯ ತೀರ್ಪುಗಾರರು. ಆ ಮೂಗಿಗೆ ವಿಮೆ ಮಾಡಿಸಬೇಕು ಅಂತಾರೆ ಜನ.

ಮೇ 9ಕ್ಕೆ ಸ್ಪರ್ಧೆ. ಗೆದ್ದವನ ಬೀರನ್ನು ಬೀದಿ ಕೊನೆಯ ಪಬ್ಬು ತಾನೇ ತಯಾರಿಸಿ ಮಾರಿ, ಬೋರ್ಡಿನ ಮೇಲೆ ಹೆಸರು ಹಾಕುತ್ತೆ. ಆ ಬೋರ್ಡು ಬೇಕು ನನಗೆ. ಎಮೆಟ್ ಅಂತ, ಪೂರ್ತಿ.

ಮಾರ್ಚ್ 21

ಮೊದಲ ಮ್ಯಾಶ್. ಕಾಳು, ಬಿಸಿನೀರು—152 ಡಿಗ್ರಿ ಫ್ಯಾರನ್‌ಹೀಟ್. ಒಂದು ಗಂಟೆ ಅಲ್ಲೇ ನಿಲ್ಲಬೇಕು. ಗಂಟೆ ಬಿಟ್ಟು ನೋಡಿದರೆ 143. ಮುಚ್ಚಳ ಅರ್ಧ ಕೂತಿತ್ತು. ನಾನು ಪೂರ್ತಿ ಒತ್ತಿದ್ದೆ.

ಮಾವನನ್ನು ಕೇಳಿದೆ. ಪೇಪರಿಂದ ಕಣ್ಣೆತ್ತದೆ, ಡಬ್ಬಿಯವರ ಕೈಗೆ ಬಿಸಿ ನಿಲ್ಲಲ್ಲ ಅಂದರು.

ದಾಖಲೆಗಾಗಿ: ಹೊಸ ವರ್ಷದ ದಿನ ಅವರ ಸಕ್ಕರೆ ಭರಣಿಗೆ ಉಪ್ಪು ತುಂಬಿದ್ದು ನಾನು. ಸೇಡಿಗೆ ಕಾರಣ ಉಂಟು.

ಮಾರ್ಚ್ 27, ಶುಕ್ರವಾರ, ಸಂಜೆ 7

ಮಾವ ಶುಕ್ರವಾರದ ಫಿಶ್ ಫ್ರೈ ಊಟಕ್ಕೆ ಹೋಗಿದ್ದಾರೆ. ಬರೀ ಬಿಸಿನೀರು ತುಂಬಿ ಪರೀಕ್ಷೆ. ಗಂಟೆಗೆ ಒಂದೇ ಡಿಗ್ರಿ ಇಳಿಯಿತು. ಟನ್ ನಿರ್ದೋಷಿ. ಮನೆಯಲ್ಲಿರುವವರು ಇಬ್ಬರು. ಒಬ್ಬ ನಾನು. ತನಿಖಾ ಆಯೋಗ ಇನ್ನೇನು ಹೇಳಬೇಕು...

ಏಪ್ರಿಲ್ 4

ಸ್ಪರ್ಧೆಯ ಬೀರು. ಟನ್ನಿಗೆ ಟೇಪು ಸುತ್ತಿ, ಟೇಪಿನ ಮೇಲೆ ಸಹಿ ಹಾಕಿ, ಕುರ್ಚಿ ಎಳೆದು ಕಾವಲು ಕೂತೆ. ಮಾವ ನಾಲ್ಕು ಸಲ ಬಂದರು. ಸ್ಪ್ಯಾನರ್ ಬೇಕು. ಸ್ಪ್ಯಾನರ್ ಇಡಬೇಕು. ಬೇರೆ ಸ್ಪ್ಯಾನರ್ ಬೇಕು. 151ರಲ್ಲಿ ನಿಂತಿತು.

ರಸ ಕುದಿಸುವಾಗಲೂ ಮಾವನನ್ನು ನಂಬಲಿಲ್ಲ. ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಇಟ್ಟಿಗೆ, ಉರಿ ಸಣ್ಣ. ಒಂದು ಗಂಟೆ ಯಾರಿಗೂ ಇಣುಕಲು ಬಿಡಲಿಲ್ಲ. ಜಯ.

ಏಪ್ರಿಲ್ 18

ಬಲೆ ಬೀಸಿದೆ. ಉಳಿದ ಮಾಲ್ಟನ್ನು ಟನ್ನಿಗೆ ಸುರಿದು ಬಿಸಿನೀರು ಹಾಕಿ, ಹಾರ್ಡ್‌ವೇರ್ ಅಂಗಡಿಗೆ ಹೊರಟೆ ಅಂತ ಕೂಗಿ, ಫ್ರೀಜರ್ ಹಿಂದೆ ಅಡಗಿದೆ.

ಹತ್ತೇ ನಿಮಿಷ. ಬಂದರು. ಮುಚ್ಚಳ ಎತ್ತಿದರು. ಉಪ್ಪು ಸುರೀತಾರೆ ಅಂದುಕೊಂಡೆ. ಕನ್ನಡಕ ತೆಗೆದು ಜೇಬಿಗಿಟ್ಟರು. ತಲೆ ಪೂರ್ತಿ ಒಳಗೆ ತೂರಿಸಿ ಉಸಿರೆಳೆದರು. ಮತ್ತೆ. ಮತ್ತೆ.

ಎದ್ದು ನಿಂತೆ.

"ಲೋ, ಇದ್ರ ವಾಸನೆ ಬರ್ತಿದೆಯೇನೋ?"

"ಗ್ಯಾರೇಜ್ ತುಂಬ ಬರ್ತಿದೆ ಮಾವ."

"ನಂಗೆ ಬಿಸಿ ಒಂದೇ ಗೊತ್ತಾಗ್ತಿದೆ."

ಫೆಬ್ರವರಿಯ ಜ್ವರದಿಂದ ಹೀಗಂತೆ. ನಾಲಿಗೆಗೂ ಸಿಹಿ-ಕಹಿ ಬಿಟ್ಟು ಬೇರೇನಿಲ್ಲ. ವಾಪಸು ಬಂದರೂ ಬರಬಹುದು ಅಂದಿದ್ದಾರಂತೆ ಡಾಕ್ಟರು. ಬಂತಾ ಅಂತ ನೋಡೋಕೆ ಮುಚ್ಚಳ ತೆಗೆಯೋದು. ಕ್ಲಬ್ಬಿಗೆ ಹೇಳಿಲ್ಲ—ಹೇಳಿದರೆ ತೀರ್ಪುಗಾರರ ಕುರ್ಚಿ ಹೋಗುತ್ತೆ. ಸ್ಪರ್ಧೆ ದಿನ ಬಾಟಲಿ ಸುರಿಯುವ ನೆಪದಲ್ಲಿ ನಾನು ಪಕ್ಕ ಕೂತು, ಮೂಸಿ, ಮೆಲ್ಲಗೆ ಹೇಳಬೇಕಂತೆ.

ಒಪ್ಪಿದೆ.

ಮೇ 3, ಭಾನುವಾರ

ಬಾಟಲಿಗಳು ನಿನ್ನೆಯೇ ಕ್ಲಬ್ಬು ಸೇರಿವೆ. ಇವತ್ತು ಮನೆಯಲ್ಲಿ ಒಂದು ತೆರೆದೆ. ಬೇಯಿಸಿದ ಮುಸುಕಿನ ಜೋಳದ ವಾಸನೆ! ಕುದಿಯುವಾಗ ಹಬೆಯ ಜೊತೆ ಹಾರಿಹೋಗಬೇಕಾದ ನಾತ. ಮುಚ್ಚಿ, ಇಟ್ಟಿಗೆ ಹೇರಿ, ಜೋಪಾನ ಮಾಡಿದ ಮಹಾನುಭಾವ ನಾನೇ. ಡಬ್ಬಿ ಪಾಕಕ್ಕೆ ಈ ಕಾಟ ಇರಲಿಲ್ಲ.

ಊಟ ಮಾಡುವಾಗ ಹೊಳೆಯಿತು. ಮಾವನಿಗೆ ಇದು ಗೊತ್ತಾಗೋದೇ ಇಲ್ಲ.

ಮೇ 9, ಮಧ್ಯಾಹ್ನ 1.40

ಚರ್ಚ್ ಹಾಲ್. ಬಿಡುವು. ಹನ್ನೊಂದು ಬೀರು, ಹನ್ನೊಂದು ಸತ್ಯ. ನನ್ನ ಜೀವಮಾನದ ದಾಖಲೆ. ನಾನು ಪಿಸುಗುಟ್ಟಿದ್ದನ್ನು ಮಾವ ಗಂಭೀರವಾಗಿ ಬರೆಯುತ್ತಾರೆ. ಯಾರಿಗೂ ಸಂಶಯವಿಲ್ಲ.

ಮುಂದಿನದು ನಂಬರ್ 12. ನನ್ನದು. ಬಾಟಲಿ ಮೇಲೆ ನಂಬರ್ ಮಾತ್ರ—ಯಾರದು ಅಂತ ಮಾವನಿಗೆ ತಿಳಿಯದು. ಜೇನು, ಹೊಸ ಬ್ರೆಡ್ಡು ಅಂದರೆ ಸಾಕು, ಬೋರ್ಡಿನ ಮೇಲೆ ಎಮೆಟ್. ಆದರೆ ಪಬ್ಬಿನವನು ಒಂದು ಗುಟುಕು ಕುಡಿದರೆ ಮಾವನ ಮೂಗಿನ ಕಥೆ ಅಲ್ಲಿಗೆ ಮುಗೀತು.

1.55

ಸುರಿದೆ. ಮಾವ ಗ್ಲಾಸು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಎಲ್ಲರಿಗೂ ಕಾಣುವಂತೆ ತಲೆದೂಗಿದರು. ಕಿವಿ ನನ್ನ ಕಡೆ ಬಾಗಿಸಿದರು. ಬಗ್ಗಿ ಹೇಳಿದೆ: ಬೇಯಿಸಿದ ಜೋಳ. ಐವತ್ತಕ್ಕೆ ಹದಿನೈದಕ್ಕಿಂತ ಹೆಚ್ಚು ಅಂಕ ಬೇಡ.

ಪೆನ್ನು ನಿಲ್ಲಿಸಿದರು.

"ಬೆಳಗಿಂದ ಒಂದಕ್ಕೂ ಇಷ್ಟು ಬೈದಿಲ್ಲ ನೀನು. ಯಾರ ಮೇಲಿನ ಸೇಡೋ ಇದು?"

ಶೀಟು ಖಾಲಿ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಾರೆ. ನಾನು ಬರೆಯುವ ಹಾಗೆ ನಟಿಸುತ್ತಿದ್ದೇನೆ... ಅಲ್ಲ, ಬರೆಯುತ್ತಲೇ ಇದ್ದೇನೆ. ನಂಬಿಸೋಕೆ ಒಂದೇ ದಾರಿ: ಈ ಪುಟ ಅವರ ಮುಂದಿಡೋದು. ಮಾವ, ಆ ಬಾಟಲಿ ನನ್ನದು.