ಬದುಕಿರುವವರ ಬೆಳಕು

ಅರಸೀಕೆರೆ
೧೮-೧೧-೨೦೦೪

ಪ್ರೀತಿಯ ಅಣ್ಣನಿಗೆ ತಮ್ಮ ಇಂದುಧರ ಮಾಡುವ ನಮಸ್ಕಾರ. ಹುಬ್ಬಳ್ಳಿಯ ಹವೆ ಒಗ್ಗಿತೇ? ಮಂಡಿನೋವು ಹೇಗಿದೆ? ಲಾರಿಗಳಿಗೆ ಹೆಸರು ಬರೆಯುವಾಗ ಕುಕ್ಕರಗಾಲಲ್ಲಿ ಕೂರಬೇಡ, ಒಂದು ಮಣೆ ಹಾಕಿಕೋ. ನಾವೆಲ್ಲ ಕ್ಷೇಮ. ನನ್ನಾಕೆ ಮಂಜುಳಾ ನಿನಗೆಂದು ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಕಳಿಸುವುದಿಲ್ಲವಂತೆ, ಬಂದೇ ತಿನ್ನಬೇಕಂತೆ.

ನಮ್ಮ ಫೋಟೋ ಸ್ಟುಡಿಯೋಗೆ ಕಂಪ್ಯೂಟರ್ ಬಂದ ದಿನ, "ಈ ಡಬ್ಬಕ್ಕೆ ಕೈ ಇಲ್ಲ ಕಣೋ, ಬಣ್ಣ ಎಲ್ಲಿಂದ ಬರುತ್ತೆ" ಎಂದು ಕುಂಚಗಳ ಚೀಲ ಹೆಗಲಿಗೇರಿಸಿ ಹೊರಟೆಯಲ್ಲ, ಆಹಾ, ಅಂಥ ನಿರ್ಗಮನವನ್ನು ಯಾವ ನಾಟಕ ಕಂಪನಿಯ ರಾಜಪಾರ್ಟಿನವನಲ್ಲೂ ನಾನು ಕಂಡಿಲ್ಲ. ಅಂದೇ ಶಪಥ ತೊಟ್ಟೆ: ಇದೇ ಡಬ್ಬದಲ್ಲಿ ಫೋಟೋವನ್ನು ವರ್ಣಚಿತ್ರದಂತೆ ತಿದ್ದುತ್ತೇನೆ, ನಿನ್ನ ಬಾಯಲ್ಲಿ ಭೇಷ್ ಅನ್ನಿಸಿ ನಿನ್ನನ್ನು ಈ ಊರಿಗೆ ಕರೆತರುತ್ತೇನೆ. ಆ ಶಪಥ ಎಲ್ಲಿಗೆ ಬಂತು ಎಂದು ಹೇಳುತ್ತೇನೆ, ಕೇಳುವಂಥವನಾಗು.

ಬಾಣಾವರದ ಕೊಬ್ಬರಿ ವ್ಯಾಪಾರಿ ದೇವೀರಪ್ಪನವರು ಹೊಸ ಮನೆಗೆ ತಮ್ಮದೊಂದು ದೊಡ್ಡ ಪಟ ಬೇಕೆಂದರು. ಫೋಟೋ ತೆಗೆದೆ. ಮುಖದ ನಿರಿಗೆಗಳನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿದೆ, ಕೆನ್ನೆಗೆ ಗುಲಾಬಿ ತೀಡಿದೆ, ಹಿಂದೆ ಮೋಡ ತುಂಬಿ ತಲೆಯ ಸುತ್ತ ಹೊಂಬೆಳಕು ಬಿಟ್ಟೆ. ಇಂದ್ರನ ಒಡ್ಡೋಲಗವೇ ಇಳಿದು ಬಂತೆಂದು ಬೀಗುತ್ತ ಚೌಕಟ್ಟು ಹಾಕಿಸಿ ಒಯ್ದೆ. ಅವರು ಪಟವನ್ನು ನೋಡಿದರು, ನನ್ನನ್ನು ನೋಡಿದರು. "ಏನಯ್ಯಾ ಇಂದುಧರ, ನನ್ನ ತಿಥಿ ಯಾವತ್ತು ಇಟ್ಕಂಡಿದ್ದೀಯ?" ಎಂದರು. ದೇವರ ಪಟ ಬಿಟ್ಟರೆ ತೀರಿಹೋದವರ ಪಟಕ್ಕಷ್ಟೇ ತಲೆಯ ಹಿಂದೆ ಬೆಳಕಿಡುವುದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ನನಗೆ ಮರೆತಿತ್ತು. ಅವರ ಹೆಂಡತಿ ಸುವರ್ಣಮ್ಮ, "ಹಾರ ಒಂದು ಕಮ್ಮಿ ಐತೆ. ಆದ್ರೂ ಇದು ನಮ್ಮೆಜಮಾನ್ರಲ್ಲ ಬಿಡಪ್ಪ, ಎಲೆಅಡಿಕೆ ಹಾಕೋ ಬಾಯೇ ಅಲ್ಲ" ಎಂದರು.

ಪಟವನ್ನು ಕಂಕುಳಲ್ಲಿಟ್ಟುಕೊಂಡು ರೈಲಿನಲ್ಲಿ ವಾಪಸು ಬರುವಾಗ, ಹಳೇಬೀಡಿನ ನಾಟಕಕ್ಕೆ ನೀನು ಎಡಗೈಯಲ್ಲಿ ಬರೆದ ದರ್ಬಾರಿನ ಪರದೆ ನೆನಪಾಯಿತು. "ಹಿಂದಿನ ಬೆಳಕು ದೇವರಿಗೆ, ಹೋದೋರಿಗೆ. ಬದುಕಿರೋನಿಗೆ ಪಕ್ಕದಿಂದ ಬಿಡು, ಅರ್ಧ ಮುಖ ನೆರಳಲ್ಲಿರಲಿ" ಎಂದು ಅವತ್ತು ನೀನೇ ಹೇಳಿದ್ದೆ. ಮನೆಗೆ ಬಂದವನೇ ನಾನು ಮತ್ತೆ ಡಬ್ಬದ ಮುಂದೆ ಕೂತೆ. ಮೋಡ ಓಡಿಸಿ ಕೊಬ್ಬರಿ ಗೋದಾಮಿನ ಮಬ್ಬುಗಂದು ತುಂಬಿದೆ. ಬೆಳಕನ್ನು ಎಡಗಡೆಗೆ ತಂದೆ. ಓಡಿಸಿದ್ದ ನಿರಿಗೆಗಳನ್ನು ಒಂದೊಂದಾಗಿ ಕರೆದು ಕೂರಿಸಿ, ಪ್ರತಿಯೊಂದರ ಉದ್ದಕ್ಕೂ ಬಣ್ಣದ ಗೀಟು ಎಳೆದೆ. ತುಟಿಯ ಮೇಲಿನ ಎಲೆಅಡಿಕೆಯ ಕೆಂಪು ಕರೆಯನ್ನು ಹಾಗೇ ಬಿಟ್ಟೆ. ಹೊಸ ಪಟದ ಮುಂದೆ ಸುವರ್ಣಮ್ಮ ತಮಗೇ ತಿಳಿಯದಂತೆ ಸೆರಗು ಸರಿಮಾಡಿಕೊಂಡರು. "ಈಗ ಬೈಯಕ್ಕೆ ಬಾಯಿ ತೆಗೀತಾವ್ರೆ ನೋಡಪ್ಪ" ಎಂದರು. ಪಟ ಈಗ ತಲೆಬಾಗಿಲ ಎದುರಿಗೇ ಇದೆ. ಅದನ್ನು ನೋಡಿ ಬೇಲೂರಿನ ಇಬ್ಬರು ತಮಗೂ ಬೇಕೆಂದು ಹೇಳಿ ಹೋಗಿದ್ದಾರೆ.

ನಿನ್ನ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ,
ಇಂದುಧರ

ತಾ.ಕ.: ಸುವರ್ಣಮ್ಮನವರೂ ಪಟ ಕೇಳಿದ್ದಾರೆ. ಮೂರು ಸಲ ತಿದ್ದಿದೆ, ಕಣ್ಣು ಬರುತ್ತಿಲ್ಲ. ಪರದೆಗಳಲ್ಲೂ ಕಣ್ಣು ಬರೆಯುತ್ತಿದ್ದವನು ನೀನೇ ಅಲ್ಲವೇ. ಬೆಂಗಳೂರಿನಿಂದ ಒಂದು ಹಲಗೆ, ಒಂದು ಪೆನ್ನು ತರಿಸಿದ್ದೇನೆ. ಹಲಗೆಯ ಮೇಲೆ ಪೆನ್ನನ್ನು ಕುಂಚದಂತೆ ಆಡಿಸಿದರೆ ಗೆರೆ ಕಂಪ್ಯೂಟರಿನಲ್ಲಿ ಮೂಡುತ್ತದೆ. ನಾನಿನ್ನೂ ಮುಟ್ಟಿಲ್ಲ. ಎಡಗೈಯವರಿಗೂ ಒಗ್ಗುತ್ತದೆಯೇ ಎಂದು ಅಂಗಡಿಯವನನ್ನು ಎರಡು ಸಲ ಕೇಳಿಯೇ ತರಿಸಿದ್ದು.