ಒಳ್ಳೆಯ ವಾಸನೆಯ ಭಯ

ಹೂಳೂರು
ಧೂಳಮಾಸದ ಒಂಬತ್ತು, ಇಸವಿ ೨೨೧೭

ಹಿಂದಿನ ಕಾಲದ ಹಿರಿಯರಿಗೆ ಕಳಕವ್ವನ ನಮಸ್ಕಾರಗಳು.

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಸೊಟ್ಟ, ಒತ್ತುಗಳು ತಪ್ಪುತ್ತವೆ. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದವಳು ನಾನು. ಮೇಲಿನ ತಾರೀಖು ನೋಡಿ ನಿಮಗೆ ನಗು ಬರಬಹುದು. ನಿಮಗೆ ಹನ್ನೆರಡೇ ತಿಂಗಳು ಇದ್ದವಂತೆ. ನಮಗೆ ಬೇಸಿಗೆಯ ಕೊನೆಗೆ ಇನ್ನೊಂದಿದೆ. ಅದೇ ಧೂಳಮಾಸ. ಆಗ ಮದುವೆಯಿಲ್ಲ, ಹಬ್ಬವಿಲ್ಲ, ಯಾರೂ ಕೆಲಸಕ್ಕೆ ಹೊರಗೆ ಹೋಗುವುದಿಲ್ಲ. ಗಾಳಿ ಕಚೇರಿಯವರು ಈ ತಿಂಗಳಲ್ಲಿ ಹಿಂದಂಚೆ ತೆರೆಯುತ್ತಾರೆ, ಅಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಅದು ಹೇಗೆ ಹೋಗುತ್ತದೋ ನನಗೆ ತಿಳಿಯದು. ಮನೆಗೊಂದೇ ಪತ್ರ. ನಮ್ಮ ಮನೆಯಲ್ಲಿ ಬರೆಯಲು ಬರುವವಳು ನಾನೊಬ್ಬಳೇ, ಅದಕ್ಕೆ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ಊರು ಇರುವ ಜಾಗದಲ್ಲಿ ನಿಮ್ಮ ಕಾಲಕ್ಕೆ ಜಲಾಶಯದ ನೀರಿತ್ತಂತೆ. ಈಗ ನೀರಿಲ್ಲ, ಅದರಡಿಯ ಹೂಳು ಮಾತ್ರ ಇದೆ. ಅದು ಗೋಧಿ ಹಿಟ್ಟಿಗಿಂತ ನುಣ್ಣಗೆ ಇರುತ್ತದೆ, ಗಾಳಿ ಎದ್ದರೆ ಎದೆಯೊಳಗೇ ಹೋಗಿ ಕೂರುತ್ತದೆ. ಅದಕ್ಕೆ ಪ್ರತಿ ಮನೆಗೂ ಎರಡು ಬಾಗಿಲು. ನಡುವಿನ ಸಣ್ಣ ಜಾಗಕ್ಕೆ ಝಾಡುಕೋಣೆ ಎನ್ನುತ್ತೇವೆ. ಹೊರಗಿನಿಂದ ಬಂದವರು ಅಲ್ಲಿ ಬಟ್ಟೆ ಬದಲಿಸಿ, ತಲೆ ಒರೆಸಿಕೊಂಡು, ಕೆಮ್ಮು ನೆಗಡಿ ಇಲ್ಲವೆಂದು ಹೇಳಿಯೇ ಒಳಗೆ ಬರಬೇಕು. ಒಳಬಾಗಿಲಿಗೆ ಒದ್ದೆ ಕೌದಿ ಇಳಿಬಿಟ್ಟಿರುತ್ತೇವೆ. ಅದನ್ನು ದಿನವೂ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಧೂಳಿಗಿಂತ ಕೆಟ್ಟದ್ದು. ಮೆಣಸಿನಕಾಯಿ ಹುರಿಯುವುದನ್ನು, ಒಗ್ಗರಣೆ ಕೊಡುವುದನ್ನು ಓಣಿಯ ಕೊನೆಯ ಒಗ್ಗರಣೆ ಕಟ್ಟೆಯಲ್ಲಿಯೇ ಮಾಡಬೇಕು. ಮನೆಯಲ್ಲಿ ಬೇಯಿಸುವುದು ಮಾತ್ರ.

ಇದನ್ನೆಲ್ಲ ನೋಡಿಕೊಳ್ಳಲು ಮನೆಗೊಬ್ಬ ಮೂಗಾಳು ಇರುತ್ತಾರೆ. ಚುರುಕು ಮೂಗಿನ ಮಕ್ಕಳನ್ನು ಹತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ಈ ಕೆಲಸ ಕಲಿಸುತ್ತಾರೆ. ನಮ್ಮ ಮನೆಯ ಮೂಗಾಳು ನಾನು. ಸುಟ್ಟ ಎಣ್ಣೆ, ಬೂಷ್ಟು, ಬಣ್ಣ, ಬಚ್ಚಲು ತೊಳೆಯುವ ಪುಡಿ, ಬೀಡಿ, ಹೀಗೆ ಕೆಟ್ಟ ವಾಸನೆಗಳನ್ನೆಲ್ಲ ಕಣ್ಣು ಕಟ್ಟಿ ಮೂಸಿಸಿ ಕಲಿಸಿದರು. ಒಳ್ಳೆಯ ವಾಸನೆಯ ಬಗ್ಗೆ ಯಾರೂ ಏನೂ ಕಲಿಸಲಿಲ್ಲ.

ನನ್ನ ಅವ್ವ ಹಾಲವ್ವ ಹೂಳು ಜರಡಿ ಹಿಡಿಯುವ ಕೆಲಸ ಮಾಡಿ ಎದೆ ಕೆಡಿಸಿಕೊಂಡವಳು. ದಿನವೂ ಇರುವ ಉಬ್ಬಸ ಹೇಗೋ ನಡೆಯುತ್ತದೆ, ಉಸಿರಿನ ಜೊತೆ ಒಳಗೆಳೆಯುವ ಔಷಧಿ ಇದೆ. ಭಯ ಇರುವುದು ಕೆರಳಿನದು. ಕೆರಳು ಎಂದರೆ ಆ ರೋಗ ಒಮ್ಮೆಲೆ ಏರುವುದು. ಕಫ ಹೆಚ್ಚಾಗುತ್ತದೆ, ಅದರ ಬಣ್ಣ ಬದಲಾಗುತ್ತದೆ, ಮಲಗಲು ಆಗುವುದಿಲ್ಲ, ಒಂದು ಮಾತಿಗೆ ಮೂರು ಸಲ ಉಸಿರು ಎಳೆಯಬೇಕಾಗುತ್ತದೆ. ಪ್ರತಿ ಕೆರಳೂ ಎದೆಯಲ್ಲಿ ಸ್ವಲ್ಪ ಜಾಗವನ್ನು ಕಿತ್ತುಕೊಂಡೇ ಹೋಗುತ್ತದೆ. ಮೇಲಿಂದ ಮೇಲೆ ಕೆರಳಿದವರನ್ನು ದಿಬ್ಬದ ಮನೆಗೆ ಒಯ್ಯುತ್ತಾರೆ. ಅಲ್ಲಿ ಯಂತ್ರ ಉಸಿರಾಡಿಸುತ್ತದೆ. ಅಪ್ಪನನ್ನು ಒಯ್ದಾಗ ನಾವು ಗಾಜಿನ ಹೊರಗೆ ನಿಂತು ನೋಡಿದೆವು. ಅಪ್ಪ ತುಟಿ ಅಲ್ಲಾಡಿಸಿ ಏನೋ ಹೇಳಿದ, ನಮಗೆ ಕೇಳಲಿಲ್ಲ. ಅಲ್ಲಿಂದ ಯಾರೂ ತಿರುಗಿ ಬಂದಿಲ್ಲ. ಕಳೆದ ವಾರ ವೈದ್ಯರು ಅವ್ವನ ಬೆನ್ನಿಗೆ ಕಿವಿಗೊಳವೆ ಇಟ್ಟು ಕೇಳಿ, ಇನ್ನೊಂದು ಸಲ ಕೆರಳಿದರೆ ಇವಳನ್ನೂ ಒಯ್ಯಬೇಕಾಗುತ್ತದೆ ಎಂದರು.

ನಮ್ಮ ಜೊತೆ ಅಪ್ಪನ ಅಕ್ಕ, ನಮ್ಮ ಸೋದರತ್ತೆ ತಿರುಕವ್ವ ಇದ್ದಾಳೆ. ತಮ್ಮನನ್ನು ಕಳೆದುಕೊಂಡಾಗಿನಿಂದ ಅವ್ವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು ಅವಳೇ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹಿತ್ತಾಳೆಯ ಧೂಪಾರತಿಯಲ್ಲಿ ಕೆಂಡ ಹಾಕಿ, ಲೋಬಾನ ಉದುರಿಸಿ, ಕೋಣೆ ಕೋಣೆಗೂ ಹೊಗೆ ತೋರಿಸುವುದು ಅವಳ ಪದ್ಧತಿ. ಕೊನೆಗೆ ಅವ್ವನಿಗೆ ದೃಷ್ಟಿ ಇಳಿಸುತ್ತಾಳೆ. ಅಪ್ಪ ಇದ್ದಾಗ ಅವನಿಗೂ ಹೀಗೇ ಮಾಡುತ್ತಿದ್ದಳು. ಅವ್ವ ಕೆರಳಿದಾಗೆಲ್ಲ ಅತ್ತೆ ಗಾಬರಿಯಾಗಿ ಇನ್ನಷ್ಟು ಹಾಕುತ್ತಿದ್ದಳು.

"ಹಾಲವ್ವಗ ಯಾರದೋ ಕಣ್ಣ ತಾಗೇತಿ. ಇವತ್ತ ಒಂದ ಹಿಡಿ ಹೆಚ್ಚಿಗಿ ಹಾಕ್ತೀನಿ" ಎನ್ನುತ್ತಿದ್ದಳು.

"ಯಕ್ಕಾ, ಕೆಮ್ಮಿ ಕೆಮ್ಮಿ ಒಣಗಿದ ಕಟಗಿ ಆಗೇನಿ. ನನ್ನ ನೋಡಿ ಯಾರ ಹೊಟ್ಟಿಕಿಚ್ಚ ಪಡ್ತಾರ?" ಎಂದು ಅವ್ವ ನಗುತ್ತಿದ್ದಳು. ನಕ್ಕರೆ ಮತ್ತೆ ಕೆಮ್ಮು.

ಅತ್ತೆ ನನ್ನ ಕಡೆ ತಿರುಗುತ್ತಿದ್ದಳು. "ನೀ ಎಂಥ ಮೂಗಾಳವ್ವಾ? ನಿನ್ನ ಮೂಗಿನಾಗ ಹೂಳ ತುಂಬೇತೇನ? ಧೂಳ ಎಲ್ಲಿಂದ ಬರ್ತೇತಿ ನೋಡಬಾರದ?"

ನಾನು ನೋಡುತ್ತಲೇ ಇದ್ದೆ. ಬಾಗಿಲ ಸಂದಿಗೆ ಅರಿವೆ ತುರುಕಿದೆ. ಕಿಟಕಿಗಳಿಗೆ ಮೇಣ ಮೆತ್ತಿದೆ. ಮನೆಯನ್ನು ಡಬ್ಬಿಯ ಹಾಗೆ ಮುಚ್ಚಿದೆವು. ಮುಚ್ಚಿದಷ್ಟೂ ಅವ್ವ ಹೆಚ್ಚು ಕೆರಳಿದಳು. ಕೊನೆಯ ಸಲ ಕೆರಳುವ ಮುಂಚೆ ಗಾಳಿ ಪೂರ್ತಿ ಬಿದ್ದಿತ್ತು, ಧೂಳೇ ಇರಲಿಲ್ಲ. ಯಾರೂ ಮನೆಗೆ ಬಂದಿರಲಿಲ್ಲ, ನಮಗಾರಿಗೂ ನೆಗಡಿ ಇರಲಿಲ್ಲ. ನಾನು ಗೋಡೆ, ಕೌದಿ, ಹಾಸಿಗೆ, ಅವ್ವನ ಸೆರಗು, ಎಲ್ಲವನ್ನೂ ಮೂಸಿದೆ. ಎಲ್ಲೂ ಕೆಟ್ಟ ವಾಸನೆ ಇರಲಿಲ್ಲ. ಮನೆ ತುಂಬ ಲೋಬಾನದ ಪರಿಮಳ ಇತ್ತು, ಗುಡಿಯೊಳಗೆ ಕುಳಿತ ಹಾಗೆ ನೆಮ್ಮದಿ ಎನಿಸುತ್ತಿತ್ತು. ಪಕ್ಕದಲ್ಲೇ ಅವ್ವ ಮಂಚದ ಪಟ್ಟಿ ಹಿಡಿದುಕೊಂಡು ಬಾಯಿ ತೆರೆದು ಕೂತಿದ್ದಳು. ಆಗ ನನಗೆ ಆ ಪರಿಮಳದ ಮೇಲೆಯೇ ಅನುಮಾನ ಬಂತು.

ಎದೆಗೆ ಆಗದ್ದು ಒಳಗೆ ಹೋದ ಕೂಡಲೇ ಕೆರಳು ಬರುವುದಿಲ್ಲ. ಕೆಲವು ಸಲ ಮಾರನೇ ದಿನ, ಕೆಲವು ಸಲ ಮೂರು ನಾಲ್ಕು ದಿನ ಬಿಟ್ಟು ಬರುತ್ತದೆ. ಅದಕ್ಕೇ ನಮಗೆ ಗೊತ್ತಾಗಲಿಲ್ಲ. ನಾವು ಕೆರಳಿದ ದಿನವನ್ನೇ ಹುಡುಕುತ್ತಿದ್ದೆವು, ಅದರ ಹಿಂದಿನ ದಿನಗಳನ್ನು ಹುಡುಕಲಿಲ್ಲ. ಹಿಂದಿನ ತಿಂಗಳು ಅತ್ತೆ ಕಾಲು ಉಳುಕಿ ಮಲಗಿದ್ದಾಗ ಧೂಪ ನಿಂತಿತ್ತು. ಆ ದಿನಗಳಲ್ಲಿ ಅವ್ವ ದಿಂಬಿಗೆ ತಲೆ ಕೊಟ್ಟು ನಿದ್ದೆ ಮಾಡಿದ್ದು ನೆನಪಾಯಿತು.

ಹಿರಿಯರಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ನಿನ್ನೆ ಸಂಜೆ ಅತ್ತೆ ಇವತ್ತಿನ ಧೂಪಕ್ಕೆ ಲೋಬಾನ ಕುಟ್ಟುತ್ತ ಕೂತಿದ್ದಾಗ ಹೇಗೋ ಹೇಳಿದೆ.

"ಅತ್ತಿ, ಲೋಬಾನ ಬ್ಯಾಡ."

"ಏನಂದಿ?"

"ವಾಸನಿ ಚಲೋ ಐತಿ. ಆದ್ರೂ ಅದು ಹೊಗಿನ ಅಲ್ಲೇನ, ಅತ್ತಿ? ಮನಿ ಎಲ್ಲಾ ಮುಚ್ಚೇವಿ. ಹೊಗಿ ಹೊರಗ ಹೋಗಾಕ ದಾರಿ ಇಲ್ಲ. ಅವ್ವನ ಎದಿಗೇ ಹೋಗ್ತೇತಿ."

ಬೈಯುತ್ತಾಳೆ ಎಂದುಕೊಂಡೆ. ಅತ್ತೆ ಬೈಯಲಿಲ್ಲ. ಕುಟ್ಟುವ ಕಲ್ಲು ಕೈಯಲ್ಲೇ ನಿಂತಿತು. "ಹಂಗಾದ್ರ ನನ್ನ ತಮ್ಮಗೂ ನಾನ..." ಎಂದು ಅಷ್ಟಕ್ಕೇ ಬಿಟ್ಟಳು. ಒಳಗಿನಿಂದ ಅವ್ವ, "ಯಕ್ಕಾ, ಸುಮ್ಮನಿರು. ನಿನಗ ಗೊತ್ತಿತ್ತೇನ?" ಎಂದಳು. ಅದನ್ನು ಹೇಳಲು ಅವಳಿಗೆ ಎರಡು ಸಲ ನಿಲ್ಲಬೇಕಾಯಿತು.

ಹಿರಿಯರೇ, ನನ್ನ ಒಂದು ಬೇಡಿಕೆ ಇದೆ. ನಿಮ್ಮ ಮನೆಯಲ್ಲೂ ಇಂಥ ಎದೆಯವರು ಇರಬಹುದು. ಅವರು ಕೆರಳಿದರೆ ಹಿಂದಿನ ನಾಲ್ಕೈದು ದಿನ ಏನೇನು ಆಯಿತು ನೆನಪು ಮಾಡಿಕೊಳ್ಳಿ. ಯಾರು ಬಂದರು, ಏನು ಹುರಿದಿರಿ, ಏನು ಗುಡಿಸಿದಿರಿ, ತಣ್ಣನೆಯ ಗಾಳಿಗೆ ಮೂಗು ಮುಚ್ಚದೆ ಹೋದರೋ, ಏನು ಹಚ್ಚಿದಿರಿ. ಊದುಬತ್ತಿ, ಧೂಪ, ಅತ್ತರು, ಇವುಗಳನ್ನು ಒಳ್ಳೆಯವು ಎಂದು ಬಿಡಬೇಡಿ. ಪ್ರೀತಿಯಿಂದ ಮಾಡಿದ್ದನ್ನೂ ಬಿಡಬೇಡಿ. ನಿಮಗೆ ಇನ್ನೂ ತೆರೆಯಲು ಕಿಟಕಿಗಳಿವೆ. ನಮಗಿಲ್ಲ.

ನನ್ನ ಭಯ ಹೋಗಿಲ್ಲ. ಹೋದ ಶುಕ್ರವಾರವೂ ಧೂಪ ಆಗಿತ್ತು. ಆ ಹೊಗೆ ಅವ್ವನ ಎದೆಯಲ್ಲಿ ಏನು ಮಾಡುತ್ತಿದೆಯೋ. ಬರೆಯುತ್ತಲೇ ಅವಳ ಉಸಿರಿನ ಸದ್ದು ಕೇಳುತ್ತಿದ್ದೇನೆ. ಒಂದು ಉಸಿರು ತಡವಾದರೆ ನನ್ನ ಕೈ ನಿಲ್ಲುತ್ತದೆ.

ಇವತ್ತು ಮಂಗಳವಾರ. ಬೆಳಿಗ್ಗೆ ಧೂಪಾರತಿಗೆ ಹುಣಸೆಹಣ್ಣು ಹಚ್ಚಿ, ಹಳೆಯ ಮಸಿಯೆಲ್ಲ ಹೋಗುವವರೆಗೆ ತಿಕ್ಕಿ ತೊಳೆದು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಕೆಂಡ ಹಾಕಲಿಲ್ಲ. ಆ ಖಾಲಿ ಆರತಿಯನ್ನೇ ಹಿಡಿದು ಕೋಣೆ ಕೋಣೆಗೂ ಹೋಗಿ, ಕೊನೆಗೆ ಅವ್ವನ ಮುಂದೆ ಮೂರು ಸುತ್ತು ಇಳಿಸಿದಳು. ನಾನು ಹಿಂದೆ ಹಿಂದೆ ಮೂಸುತ್ತ ನಡೆದೆ. ಹಿತ್ತಾಳೆಯದು, ಹುಣಸೆಹಣ್ಣಿನದು ಬಿಟ್ಟು ಬೇರೆ ಯಾವ ವಾಸನೆಯೂ ಇರಲಿಲ್ಲ.